ಚೇಳೂರಿನ ಹಸುವಿನ ಹಕ್ಕಳೆ

ಜುಲೈ ೧೮, ಶುಕ್ರವಾರ

ನಾಲ್ಕು ದಿನದಿಂದ ಎದೆಯಲ್ಲಿ ಕೂತಿದ್ದ ಭಯ ಇವತ್ತು ಇಳಿಯಿತು. ಚೇಳೂರಿನ ಮಂಜುಳಮ್ಮನ ಹಸುವಿಗೆ ಬಂದಿರುವುದು ಚರ್ಮಗಂಟು ರೋಗವಲ್ಲ. ಅದೇ ಆಗಿದ್ದರೆ ಊರಿನ ದನಗಳಿಗೆಲ್ಲ ಹಬ್ಬುತ್ತಿತ್ತು.

ಸೋಮವಾರ ಹೋದಾಗ ಹಸುವಿನ ಮೈತುಂಬ ಗಂಟು, ಕೊಟ್ಟಿಗೆಗೆ ಬೇವಿನ ಸೊಪ್ಪು. ಆಕೆ ರಕ್ತ ತೆಗೆಯಲು ಬಿಡಲಿಲ್ಲ.

“ಅಮ್ಮ ಬಂದವ್ಳೆ ಮೇಡಂ, ಸೂಜಿ ಚುಚ್ಬಾರ್ದು!”

ನಾನು ವಾದ ಮಾಡಲಿಲ್ಲ. ಗಂಟುಗಳ ಮೇಲೆ ಒಣಗಿ ತಾನಾಗಿ ಕಳಚುತ್ತಿದ್ದ ಹಕ್ಕಳೆಯನ್ನೇ ಟ್ಯೂಬಿಗೆ ಹಾಕಿಕೊಂಡು ತುಮಕೂರಿನ ನಮ್ಮ ಲ್ಯಾಬಿಗೆ ತಂದೆ. ರಕ್ತ ತರಲು ಹೋದವಳು ಹಕ್ಕಳೆ ತಂದಳೆಂದು ಅಲ್ಲಿ ಎಲ್ಲರೂ ನಕ್ಕರು.

ಇವತ್ತು ಅದೇ ಹಕ್ಕಳೆಗೆ ನಾನು ಸಿದ್ಧಪಡಿಸಿದ ಎರಡು ಪ್ರೋಬ್ ಹಾಕಿದೆ. ಒಂದೊಂದೂ ಒಂದೊಂದು ವೈರಸ್ಸಿನ ಜೀನನ್ನು ಮಾತ್ರ ಹಿಡಿಯುತ್ತದೆ. ವೈರಸ್ ಸಿಕ್ಕರೆ ಮೆಷಿನ್ನಿನ ಪರದೆಯಲ್ಲಿ ಅದರ ಗೆರೆ ಏಳಬೇಕು; ಚರ್ಮಗಂಟಿನ ಗೆರೆ ಮಲಗಿಯೇ ಇತ್ತು. ತಾನಾಗಿ ವಾಸಿಯಾಗುವ ಹರ್ಪಿಸ್ ವೈರಸ್ಸಿನ ಗೆರೆ ನೆಟ್ಟಗೆ ಎದ್ದಿತು! ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಪರದೆ ನೋಡಿ ಹೋದರು. ನಾನು ಕುರ್ಚಿ ಬಿಟ್ಟು ಏಳಲೇ ಇಲ್ಲ.

ದೊಡ್ಡ ರೋಗವಲ್ಲ, ಸಣ್ಣದು ಎಂದು ಮಂಜುಳಮ್ಮನಿಗೆ ಫೋನ್ ಮಾಡಿದೆ.

“ಬಂದಿರೋಳು ದೊಡ್ಡಮ್ಮ ಅಲ್ಲ, ಸಣ್ಣಮ್ಮ ಅಂತ ಹಸು ಮೈ ಸವರಿದ ದಿನಾನೇ ನಂಗೊತ್ತಾಯ್ತು. ನಿಮ್ಮ ಮಿಷಿನ್ನೂ ಅದೇ ಹೇಳ್ತಾ? ಪರ್ವಾಗಿಲ್ಲ ಬುಡಿ, ಚೆನ್ನಾಗೇ ಕಲ್ತೈತೆ.”

ಈ ಪ್ರೋಬುಗಳ ಮೇಲೆ ಮಾಡಿದ ಆರು ವರ್ಷದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರು ಕೊಟ್ಟಾರು.