ಸವಿತಾಗೂ ಒಂದು ಹಾಳೆ

ನಿಂಗರಾಜು,

ಮೊದಲ ಬಸ್ಸಿಗೆ ಚಾಮರಾಜನಗರದ ಟ್ರೈನಿಂಗಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ, ತಿಂದು ಅಂಗಡಿ ತೆಗಿ.

ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಇರೋ ಗೈಡಿನ ಹಾಳೇನ ನನ್ನ ಕ್ಲಾಸಿನ ಮಕ್ಕಳಿಗೆಲ್ಲ ಜೆರಾಕ್ಸ್ ಮಾಡಿ ಹಂಚಿದ್ದೀಯಂತೆ. ಒಳ್ಳೇದಾಗ್ಲಿ ಅಂತಲೇ ಮಾಡಿದ್ದೀಯ, ಗೊತ್ತು. ಆದ್ರೆ ಹಿಂದು ಮುಂದಿನ ಸಾಲು ಓದಿ ಅರ್ಥ ನೀವೇ ಊಹಿಸಿ ಅಂತ ಮೂರು ತಿಂಗಳು ಗಂಟಲು ಹರ್ಕೊಂಡಿದ್ದೆ ಕಣೋ. ನಿನ್ನೆ ಕೇಳಿದ್ರೆ ಎಲ್ಲಾರೂ ಒಂದೇ ರಾಗದಲ್ಲಿ ನಿನ್ನ ಹಾಳೆ ಒಪ್ಪಿಸಿದ್ರು. ಅದರಲ್ಲಿ ಇಲ್ಲದ್ದು ಕೇಳಿದೆ, ತಲೆ ತಗ್ಗಿಸಿದ್ರು.

ಸವಿತಾ ಒಬ್ಬಳೇ ಎದ್ದು, ತಡವರಿಸ್ಕೊಂಡು, ಯೋಚಿಸಿ ಹೇಳಿದ್ಲು. ಇಷ್ಟಾದ್ರೂ ಉಳೀತಲ್ಲ ಅನ್ನಿಸ್ತು.

ಬೆಲ್ಲಾದ್ಮೇಲೆ ಹತ್ರ ಬಂದ್ಲು. 'ನಾನವತ್ತು ಬಂದಿರ್ಲಿಲ್ಲ ಮಿಸ್. ನಂಗೂ ಆ ಹಾಳೆ ಕೊಡಿಸ್ತೀರಾ?' ಅಂದ್ಲು.

ಒಂದು ತೆಗೆದಿಡು. ಸಂಜೆ ಬಂದು ಇಸ್ಕೋತೀನಿ.

ಅಕ್ಕ