ಸಮುದ್ರ ಒಯ್ದ ಚಪ್ಪಲಿ

ವೆಂಗುರ್ಲೆ
೧೪ ಫೆಬ್ರುವರಿ ೧೯೩೭

ಪೂಜ್ಯ ಅತ್ತೆಯವರಿಗೆ ಜಯ ಜಿನೇಂದ್ರ.

ನಾವಿಬ್ಬರೂ ಕ್ಷೇಮ. ಇದನ್ನು ಮೊದಲೇ ಬರೆದಿದ್ದೇನೆ. ಉಳಿದದ್ದನ್ನು ನಿಧಾನವಾಗಿ ಓದಿಸಿಕೊಳ್ಳಿ.

ನಾವು ತಂದ ಅರಿಶಿನದ ಮೂಟೆಗಳು ಹಡಗು ಹತ್ತಿದ ಮೇಲೆ ನಿಮ್ಮ ಮಗ ನನಗೆ ಸಮುದ್ರದಂಡೆಯ ಗವಿ ತೋರಿಸಲು ಹೊರಟರು. ನೀರು ಹಿಂದೆ ಸರಿದು ಗವಿಯೊಳಗಿನ ಮರಳು ಬಯಲಾಗಿತ್ತು. ಗೋಡೆಯ ಮೇಲೆ ನಮ್ಮ ತಲೆಗಿಂತ ಎತ್ತರದಲ್ಲಿ ನೀರಿನ ಗುರುತಿತ್ತು. ನಾನು ಅದನ್ನು ತೋರಿಸಿದರೆ, “ಮಹಾಪೂರ ಬಂದು ಇಳದೈತಿ. ಇಳದ ನೀರು ಇವತ್ತ ಮತ್ತ ಏರತೈತೇನ?” ಎಂದು ನಕ್ಕರು. ಕೃಷ್ಣೆಯ ದಂಡೆಯವರಾದ ನಮಗೆ ಗೊತ್ತಿದ್ದದ್ದು ಹೊಳೆಯ ನೀರು ಅಷ್ಟೇ. ಗವಿಯಲ್ಲಿ ದೇವರಿದ್ದಾನೆಂದು ಅದರ ಬಾಯಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದೆವು.

ಒಳಗೆ ಬಹಳ ಚೆಂದವಿತ್ತು. ಅವರಿಗೆ ಇನ್ನೂ ಮುಂದೆ ಹೋಗುವ ಆಸೆ. ನಾನು ನೀವು ಹಾಕಿಕೊಟ್ಟ ನೇಮ ನೆನೆದು, “ಹೊತ್ತು ಮುಳುಗೂದರೊಳಗ ಉಣಬೇಕ್ರಿ, ನಡೀರಿ,” ಎಂದೆ.

“ಒಂದಿನ ಕತ್ತಲಾದ ಮ್ಯಾಲೆ ಉಂಡ್ರ ಅವ್ವಗ ಯಾರ ಹೇಳ್ತಾರ?”

“ನಾನಽ ಹೇಳ್ತೀನ್ರಿ.”

ಗೊಣಗುತ್ತಲೇ ಹಿಂದಿರುಗಿದರು. ಗವಿಯ ಬಾಯಲ್ಲಿ ಚಪ್ಪಲಿ ಇರಲಿಲ್ಲ, ಮೊಣಕಾಲುದ್ದ ನೀರಿತ್ತು. ನನ್ನ ಕೈ ಹಿಡಿದು ದಾಟಿಸಿದರು. ಮೇಲಿನ ಬಂಡೆಯ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ನಾವು ಉಣ್ಣುತ್ತಿದ್ದಂತೆ ಗವಿಯ ಬಾಯಿ ಪೂರ್ತಿ ಮುಚ್ಚಿಹೋಯಿತು. ಅವರು ಇನ್ನೊಂದು ರೊಟ್ಟಿ ಕೇಳಿದರು.

ಈಗ ಹೊತ್ತು ಇಳಿಯುವ ಮೊದಲೇ, “ಅಡಿಗಿ ಆತೇನ?” ಎಂದು ಅವರೇ ಕೇಳುತ್ತಾರೆ. ನಾವು ಬಂದ ಮೇಲೆ ಅವರನ್ನು ಬೈಯಬೇಡಿ.

ಮಿರಜ ಪೇಟೆಯಲ್ಲಿ ಎರಡು ಜೊತೆ ಚಪ್ಪಲಿ ಮಾಡಿಸಿಡಿ. ಅಳತೆ ಹಳೆಯದೇ; ಕಾಲುಗಳು ಅವೇ ಬರುತ್ತಿವೆ.

ನಿಮ್ಮ ಸೊಸೆ
ಶಾಲನ