ಯಾರ ಹತ್ತು ಗಂಟೆ

ಅಪ್ಪಾ,

ಇವತ್ತು ಬೆಳಿಗ್ಗೆ ಮೇಜಿನ ಮೇಲೆ ನಿನ್ನ ಹಳೆಯ ನಕ್ಷೆ ಹರಡಿಕೊಂಡು ವಸಂತದ ಪ್ರವಾಸಕ್ಕೆ ದಾರಿ ಹುಡುಕಿದೆವು. ಮರುಭೂಮಿಯ ಕಣಿವೆಗಳನ್ನೆಲ್ಲ ಕಾರಿನಲ್ಲಿ ಸುತ್ತಿ, ಕೊನೆಗೆ ನಿನ್ನ ಊರು ಚಿನ್ಲಿಗೆ. ನಕ್ಷೆಯ ಮಡಿಕೆಗಳಲ್ಲಿ ಇನ್ನೂ ಕೆಂಪು ಮರಳಿತ್ತು. ಬೆರಳು ಆಡಿಸಿದಲ್ಲೆಲ್ಲ ಬಂಡೆಗಳು ಮೆಲ್ಲನೆ ಮೇಲೆದ್ದು, ಅವುಗಳ ಬುಡದಲ್ಲಿ ಪೀಚ್ ಮರಗಳು ಹೂಬಿಟ್ಟಂತಾಯಿತು.

‘ಚಿನ್ಲಿ ಕಣಿವೆ, ಹತ್ತು ಗಂಟೆ’ ಎಂದು ಬರೆದೆ.

ನಿನ್ನ ಮೊಮ್ಮಗಳು ಶಾಂಡೀನ್ ನಕ್ಕುಬಿಟ್ಟಳು. "ಯಾರ ಹತ್ತು ಗಂಟೆ ಅಮ್ಮಾ? ನಮ್ಮ ಫ್ಲಾಗ್‌ಸ್ಟಾಫಿನದ್ದಾ, ತಾತನ ಊರಿನದ್ದಾ? ಮಾರ್ಚಲ್ಲಿ ಅಲ್ಲಿ ನವಾಹೋ ನಾಡಿನವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಇಲ್ಲಿ ನಾವಿಡಲ್ಲ. ನವಾಹೋದವಳಾಗಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಪೆನ್ನು ಅಲ್ಲೇ ನಿಂತಿತು.

ವರ್ಷಗಳ ಹಿಂದಿನ ಆ ವಸಂತದಲ್ಲಿ, ನಮ್ಮ ಜಗಳ ಸಾಕು, ಹತ್ತಕ್ಕೆ ಕಣಿವೆಯ ಹತ್ತಿರ ಬಾ ಎಂದಿದ್ದೆ ನೀನು. ನನ್ನ ಗಡಿಯಾರದ ಹತ್ತಕ್ಕೆ ಸರಿಯಾಗಿ ಬಂದೆ. ನೀನಿರಲಿಲ್ಲ. ಬಂಡೆಯ ಮೇಲೆ ಎರಡು ಕಾಫಿ ಲೋಟಗಳಿದ್ದವು, ಒಂದು ತುಂಬಿಯೇ ಇತ್ತು. ಯಾರೋ ಪ್ರವಾಸಿಗರದ್ದು ಎಂದುಕೊಂಡು ಕಾರು ತಿರುಗಿಸಿದೆ. ನಿನ್ನ ಗಡಿಯಾರದಲ್ಲಿ ಆಗಲೇ ಹನ್ನೊಂದಾಗಿತ್ತು.

ಇವತ್ತು ಹತ್ತನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದೆ.

"ಅಷ್ಟು ಬೇಗ ಹೋಗಿ ಏನ್ಮಾಡೋದಮ್ಮಾ?"

"ಕಾಯೋದು," ಎಂದೆ.